ತೂಕ ಇಳಿಯದ ಕಟ್ಟಿಗೆ

ಒಂದಾನೊಂದು ಕಾಲದಲ್ಲಿ, ಊರಿಗೆಲ್ಲ ಒಂದೇ ಬನವಿದ್ದ ಕಾಲದಲ್ಲಿ, ಬೆಂಕಿಹೊಟ್ಟೆಯವನೊಬ್ಬ ಬಂದು ಊರ ಅಗಸಿಬಾಗಿಲ ಮುಂದೆ ನಿಂತನಂತೆ. ದಿನಾ ನನಗೆ ಕಟ್ಟಿಗೆ ಉಣಿಸಿದರೆ ನಿಮ್ಮ ಬಂಡಿ ನಾನೆಳೆಯುವೆ, ನಿಮ್ಮ ಮಗ್ಗ ನಾನು ಹೊಡೆಯುವೆ, ನಿಮ್ಮ ಬಾವಿಯ ನೀರು ನಾನು ಎತ್ತುವೆ ಎಂದನಂತೆ. ಊರಿಗೆ ಊರೇ ಹಿಗ್ಗಿ ಹೀರೇಕಾಯಿಯಾಯಿತು. ಮೂಲೆಯಲ್ಲಿ ಕೂತ ಮುದುಕಿಯೊಬ್ಬಳು ಮಾತ್ರ ತಲೆಯೆತ್ತಿ ಕೇಳಿದಳಂತೆ: "ಅದೆಲ್ಲಾ ಇರಲೆಪಾ, ದಿನಕ್ಕ ಎಷ್ಟ ಉಣತಿ?"

ಅಜ್ಜಿ ಅಕ್ಕನಾಗಮ್ಮ ಕಥೆಯನ್ನು ಯಾವಾಗಲೂ ಇಲ್ಲಿಗೇ ನಿಲ್ಲಿಸಿ ಮಗ್ಗುಲಾಗುತ್ತಿದ್ದಳು. ಮುಂದೇನಾಯ್ತೆಂದು ಮೊಮ್ಮಗಳು ಸೆರಗು ಜಗ್ಗಿದರೆ, "ಎಣಸಿದಾಕಿಗೆ ಗೊತ್ತಾಗತೈತಿ, ಮಲಕೋ" ಎನ್ನುತ್ತಿದ್ದಳು.

ಎಣಿಸುವ ಸರದಿ ಈಗ ಮೊಮ್ಮಗಳಿಗೇ ಬಂದಿತ್ತು.

"ಇನ್ನೊಮ್ಮಿ ತೂಗ್ರಿ," ಎಂದಳು ನೀಲಗಂಗಾ.

ಸೊಲ್ಲಾಪುರ ಮುಗಿದು ಅಕ್ಕಲಕೋಟದ ರಸ್ತೆ ಶುರುವಾಗುವಲ್ಲಿ ರಾಚಪ್ಪನ ಕಟ್ಟಿಗೆ ವಖಾರಿ. ಎಪ್ಪತ್ನಾಲ್ಕರ ಮೇ ತಿಂಗಳು. ಬೆಳಗಿನ ಎಂಟಕ್ಕೇ ಬಿಸಿಲು ಬೆನ್ನಿಗೆ ಅಂಟಿಕೊಂಡಿತ್ತು. ರಾಚಪ್ಪನ ಮೈಮೇಲೆ ಇಸ್ತ್ರಿ ಮಾಡಿದ ನೆಹರೂ ಶರ್ಟು, ಕೈಯಲ್ಲಿ ತೆಂಗಿನಕಾಯಿ, ಹಣೆಯ ಮೇಲೆ ಬೆವರು.

"ಬಾಯಾರ, ಕಟ್ಟಿಗಿ ಏನ ಹೆಣ್ಣ ನೋಡೂ ಕಾರ್ಯಕ್ರಮ ಏನ್ರಿ, ಸಾರಿ ಸಾರಿ ನೋಡಾಕ? ಇವತ್ತ ಗುರುವಾರ. ಅಕ್ಕಲಕೋಟಕ್ಕ ಸ್ವಾಮಿ ದರ್ಶನಕ್ಕ ಹೊಂಟೀನಿ. ಹತ್ತರ ಎಸ್.ಟಿ. ಬಸ್ಸು ತಪ್ಪತೈತಿ."

"ಸ್ವಾಮಿ ಎಲ್ಲಿಗೂ ಹೋಗಂಗಿಲ್ರಿ ರಾಚಪ್ಪಣ್ಣಾ. ತೂಗ್ರಿ."

ಹಮಾಲರು ಮತ್ತೆ ತಕ್ಕಡಿಗೆ ಕೊರಡು ಹೇರಿದರು. ನೀಲಗಂಗಾ ಪುಸ್ತಕದಲ್ಲಿ ಒಂದೊಂದೇ ಗೆರೆ ಎಳೆದಳು. ಕೊನೆಯ ಗೆರೆ ಎಳೆದು ಕೂಡಿಸಿದಳು.

ಒಂಬತ್ತು ಕ್ವಿಂಟಲ್ ಎಂಬತ್ತೈದು ಕಿಲೋ. ಎರಡು ಸಲ ತೂಗಿದರೂ ಅಷ್ಟೇ.

ಅರಬರ ನಾಡಿನಲ್ಲಿ ಯುದ್ಧವಾಗಿ ಡೀಸೆಲ್ ಕೈಗೆ ಸಿಗದಂತಾದ ಮೇಲೆ, ನೂಲಿನ ವ್ಯಾಪಾರಿ ಶಾಂತಲಿಂಗಪ್ಪ ಸಾವಕಾರರಿಗೆ ಒಂದು ಕನಸು ಬಿದ್ದಿತ್ತು. ಕಟ್ಟಿಗೆಯನ್ನು ಮುಚ್ಚಿದ ಭಟ್ಟಿಯಲ್ಲಿ ಬೇಯಿಸಿ, ಅದರಿಂದೇಳುವ ಗ್ಯಾಸಿನಿಂದ ಇಂಜಿನ್ ಓಡಿಸಿ, ನೂರು ಮಗ್ಗ ನಡೆಸುವ ಕಾರಖಾನೆ. ಹಳೆಯ ಮಹಾಯುದ್ಧದ ದಿನಗಳಲ್ಲಿ ಬೆನ್ನಿಗೆ ಇದ್ದಿಲಿನ ಡ್ರಮ್ಮು ಕಟ್ಟಿಕೊಂಡು ಬಸ್ಸು ಓಡಿದ್ದನ್ನು ಕಂಡವರು ಊರಲ್ಲಿ ಇನ್ನೂ ಇದ್ದರು. ಹಾಗಾಗಿ ಯಾರೂ ನಗಲಿಲ್ಲ. ದಿನಕ್ಕೆ ನೂರು ಕ್ವಿಂಟಲ್ ಒಣ ಕಟ್ಟಿಗೆ ಬೇಕು. ಸುತ್ತ ಎಂಟು ಹರದಾರಿಯೊಳಗೆ ಅಷ್ಟು ಸಿಗುತ್ತದೆಯೇ, ಕಾರಖಾನೆಯ ಬಾಗಿಲಿಗೆ ಬಂದು ಬೀಳುವಾಗ ಯಾವ ದರವಾಗುತ್ತದೆ? ಇದನ್ನು ಕಂಡುಹಿಡಿಯುವುದೇ ಬಿ.ಎಸ್ಸಿ. ಪಾಸಾದ ನೀಲಗಂಗಾಳ ನೌಕರಿ. ಮೂವತ್ತೊಂದು ಹಳ್ಳಿ ತಿರುಗಿ, ಬದುವಿನ ಜಾಲಿ, ಹಳ್ಳದ ಜಾಲಿ, ಎಲ್ಲವನ್ನೂ ಎಣಿಸಿದ್ದಳು.

ಮಾದರಿಗೆಂದು ಮೂರು ವಾರದ ಹಿಂದೆ ಐದು ಕಡೆಯಿಂದ ಹತ್ತತ್ತು ಕ್ವಿಂಟಲ್ ಕೊಂಡು ಈ ವಖಾರಿಯಲ್ಲಿ ಒಣಹಾಕಿದ್ದರು. ಐದೂ ಹಸಿಯೇ ಇರಬೇಕೆಂಬುದು ಕರಾರು. ನೀರು ಹೋಗಿ ಎಷ್ಟು ಉಳಿಯುತ್ತದೋ ಅದಕ್ಕಲ್ಲವೇ ನಿಜವಾದ ದರ! ನಂದೇಶ್ವರದ ರಾಶಿ ಆರೂವರೆ ಕ್ವಿಂಟಲ್ಲಿಗೆ ಇಳಿದಿತ್ತು. ಮಂದ್ರೂಪದ್ದು ಆರು ಎಪ್ಪತ್ತು. ಉಳಿದೆರಡೂ ಅದರ ಆಚೀಚೆ. ಎಂಟು ರೂಪಾಯಿಗೆ ಕೊಂಡ ಕ್ವಿಂಟಲ್ಲು ಒಣಗಿದ ಮೇಲೆ ಹನ್ನೆರಡರ ಆಸುಪಾಸು ಬೀಳುತ್ತಿತ್ತು.

ಈ ಐದನೆಯದು ಮಾತ್ರ ಇಳಿದೇ ಇಲ್ಲ. ದರವೂ ಬರೀ ಐದು ರೂಪಾಯಿ.

ಚೀಟಿಯಲ್ಲಿ ಹೀಗಿತ್ತು: "ಹಸಿ ಜಾಲಿ, ಹತ್ತು ಕ್ವಿಂಟಲ್. ಮಾರಿದವನು ಕುಂಭಾರಿ ಕಡೆಯ ಕುರಿಗಾರ ಧರೆಪ್ಪ." ಕೆಳಗೆ ಹೆಬ್ಬಟ್ಟು.

ಆ ಹೆಬ್ಬಟ್ಟೇ ಧರೆಪ್ಪನ ಕೊರಳಿಗೆ ಬಂದಿತ್ತು. ಕುಂಭಾರಿಯಾಚೆ ಕುರಿಗಾರರ ದೇವರು ಬಿರೋಬಾನ ಬನವಿದೆ. ಅಲ್ಲಿ ಬಿದ್ದ ಮರ ಬಿದ್ದಲ್ಲೇ ಮಣ್ಣಾಗಬೇಕು. ಒಲೆಗೆಂದು ಒಂದು ಚಕ್ಕೆಯನ್ನೂ ಯಾರೂ ಎತ್ತುವುದಿಲ್ಲ. ಅಂಥ ಕಡೆ ವರ್ಷಾನುಗಟ್ಟಲೆ ಮಲಗಿದ್ದ ಹನ್ನೊಂದು ಮುದಿಮರಗಳು ಒಂದು ಬೆಳಗ್ಗೆ ಇರಲಿಲ್ಲ. ಸಂತೆಗೆ ಬಂದ ಬನದ ಪೂಜಾರಿ ಸಿದ್ರಾಮ ಈ ವಖಾರಿಯ ಬೇಲಿಯಾಚೆಯಿಂದಲೇ ದೇವರ ಕೊರಡನ್ನು ಗುರುತಿಸಿದ. ಅದರ ಮೇಲಿನ ಚೀಟಿಯನ್ನು ಯಾರಿಂದಲೋ ಓದಿಸಿದ.

"ಹೆಬ್ಬಟ್ಟು ನಿಂದೇನು?" ಎಂದು ಪಂಚರು ಕೇಳಿದರೆ ಧರೆಪ್ಪ "ನಂದ" ಎಂದಿದ್ದ. "ನಾ ಮಾರಿದ್ದು ನನ್ನ ಹೊಲದ ಜಾಲಿ ಟೊಂಗಿ" ಎಂದೂ ಹೇಳಿದ್ದ. ಆ ಟೊಂಗೆ ಎಲ್ಲಿ ಎಂದರೆ ಅವನಿಗೆ ಗೊತ್ತಿಲ್ಲ.

ಇವತ್ತು ಮಧ್ಯಾಹ್ನ ಮೂರಕ್ಕೆ ಪಂಚರು ಕೂಡಿ ಮಾತು ಮುಗಿಸುತ್ತಾರೆ. ದೇವರ ಕಟ್ಟಿಗೆ ಮಾರಿದವನೆಂದಾದರೆ ಅವನ ಕುರಿಗೆ ಯಾರ ಹಿಂಡಿನಲ್ಲೂ ಜಾಗವಿಲ್ಲ, ಯಾರ ಬಾವಿಯಲ್ಲೂ ನೀರಿಲ್ಲ. ಅಕ್ಕಲಕೋಟದ ಕಡೆ ಗೊತ್ತಾದ ಮಗಳ ಸಂಬಂಧವೂ ಅಲ್ಲಿಗೇ ಮುಗಿಯಿತು.

ಧರೆಪ್ಪನ ಹೆಂಡತಿ ಸೋಮವ್ವ ನಿನ್ನೆ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂತಾಗ ನೀಲಗಂಗಾ ಮಾತು ಕೊಟ್ಟಿದ್ದಳು. "ಪಂಚರು ಏಳೂದರೊಳಗ ನಿನ್ನ ಗಂಡ ಮಾರಿದ ಕಟ್ಟಿಗಿ ಯಾವುದಂತ ತೂಗಿ ತೋರಸ್ತೀನಿ."

ಕೊಟ್ಟ ಮಾತು ರಾತ್ರಿಯೆಲ್ಲ ಹಾಸಿಗೆಯಲ್ಲಿ ಚುಚ್ಚಿತ್ತು. ಚೀಟಿ ನಂಬಿ ಕೊರಡಿಗೆ ಕೆಂಪು ಬಣ್ಣ ಬಳಿದು ನಂಬರು ಹಾಕಿದವಳು ಅವಳೇ. ಮುಟ್ಟಿ ನೋಡಿದ್ದರೆ ಅಂದೇ ತಿಳಿಯುತ್ತಿತ್ತು.

"ಅಕ್ಕಾರ, ಏನಾತ್ರಿ?" ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಸೋಮವ್ವ ಎದ್ದು ಬಂದಳು.

"ಇದು ನಿಮ್ಮದಲ್ಲ, ಸೋಮವ್ವಾ. ಇದು ಬರೂವಾಗಲೇ ಒಣಗಿತ್ತು. ಹಸಿ ಕಟ್ಟಿಗಿ ಮೂರು ವಾರ ಈ ಬಿಸಲಾಗ ಬಿದ್ದು ತೂಕ ಇಳೀಲಾರದ ಇರಂಗಿಲ್ಲ."

ಹತ್ತು ಕ್ವಿಂಟಲ್ ಚೀಟಿಗೆ ಹತ್ತು ಕ್ವಿಂಟಲ್ ಕೊರಡನ್ನು ಸರಿಗಟ್ಟಿ ಇಟ್ಟವನು ನೀರನ್ನು ಮರೆತಿದ್ದ.

"ಮತ್ತ ನಮ್ಮದೆಲ್ಲಿ?"

"ಹುಡುಕೂಣು ಬಾ."

ರಾಚಪ್ಪ ಅಡ್ಡ ಬಂದ. "ಅರೆ ದೇವಾ! ಇದು ವಖಾರಿ ಐತ್ರಿ, ನಿಮ್ಮ ತವರಮನಿ ಅಲ್ಲ. ಕಂಡಕಂಡಲ್ಲಿ ತಿರಗಬ್ಯಾಡ್ರಿ, ಹಾವು ಅದಾವ."

"ಹಾವಿಗೆ ನಾ ಹೆದರಂಗಿಲ್ರಿ," ಎಂದಳು ಸೋಮವ್ವ. "ಅವು ಶರ್ಟ ಹಾಕ್ಕೊಳ್ಳಂಗಿಲ್ಲ."

ಹಮಾಲನೊಬ್ಬ ಕೊರಳಲ್ಲೇ ನಕ್ಕ. ರಾಚಪ್ಪ ಅವನತ್ತ ತಿರುಗಿ ಕಣ್ಣು ಬಿಡುವಷ್ಟರಲ್ಲಿ ಹೆಂಗಸರಿಬ್ಬರೂ ಇದ್ದಿಲು ಚೀಲಗಳ ಸಂದಿಗೆ ನುಗ್ಗಿದ್ದರು.

ಎಲ್ಲೂ ಇಲ್ಲ. ತೊಲೆ, ಹಲಗೆ, ಬೇವಿನ ದಿಮ್ಮಿ, ಮತ್ತೆ ಚೀಲ. ನೀಲಗಂಗಾಳ ಕಣ್ಣು ಕೈಗಡಿಯಾರಕ್ಕೆ ಹೋಯಿತು. ಒಂಬತ್ತೂವರೆ. ಕುಂಭಾರಿಗೆ ಬಂಡಿ ಮುಟ್ಟಲು ಮೂರು ತಾಸಾದರೂ ಬೇಕು.

ತಗಡಿನ ಛಪ್ಪರದ ಹಿಂದೆ, ಗೋಡೆಗೆ ಒತ್ತಿ, ಗೋಣಿತಾಟು ಮುಚ್ಚಿದ್ದ ಒಂದು ಒಟ್ಟಲಿತ್ತು. ಸೋಮವ್ವ ತಾಟು ಎಳೆದಳು. ಮೊಳಕೈ ಗಾತ್ರದ ಟೊಂಗೆಗಳು. ಕೆಂಪು ಬಣ್ಣವಿಲ್ಲ, ನಂಬರಿಲ್ಲ.

ಅವಳು ಒಂದನ್ನು ಎತ್ತಿ ತುದಿಯನ್ನು ಹೆಬ್ಬೆರಳಿಂದ ಸವರಿದಳು. ಇನ್ನೊಂದು. ಮತ್ತೊಂದು. ಆಮೇಲೆ ಧಪ್ಪನೆ ಕೂತುಬಿಟ್ಟಳು.

"ಯವ್ವಾ, ನಮ್ಮ ಕುಡಗೋಲ್ರಿ!"

"ಹ್ಯಾಂಗ ಗೊತ್ತು?"

"ನೋಡ್ರಿಲ್ಲೆ. ನಾವು ಉದ್ದ ಗಳಕ್ಕ ಕುಡಗೋಲ ಕಟ್ಟಿ ಕೆಳಗಿಂದ ಜಗ್ಗತೀವಿ. ಕೆಳಗ ತೊಗಟಿ ಹಿಂಗ ನಾಲಗಿ ಚಾಚಿದಂಗ ಹರೀತೈತಿ. ಕುರಿ ಕಾಯಾಂವ ಜಾಲಿಗೆ ಕೊಡಲಿ ಹಾಕಂಗಿಲ್ರಿ. ಗಿಡಾ ಸತ್ರ ಮುಂದಿನ ವರ್ಷ ಆಡಿಗೆ ಕಾಯಿ ಎಲ್ಲಿಂದ ತರೂದು? ಒಂದ ಟೊಂಗಿ ಕೊಯ್ದು ಎರಡ ಬಿಡೂದು, ಸೊಪ್ಪು ಆಡು ತಿಂದಮ್ಯಾಲೇ ಕಟ್ಟಿಗಿ ಮಾರೂದು."

ನೀಲಗಂಗಾ ಟೊಂಗೆಯ ತುದಿ ನೋಡಿದಳು. ನಾಲಗೆ ಚಾಚಿತ್ತು. ಅಂಗಳದ ಕೊರಡುಗಳ ತುದಿಯಲ್ಲಿ ಗರಗಸದ ಗೀರು, ಸೊಲ್ಲಾಪುರದವರ ಕೆಲಸ. ಕುರಿಗಾರನ ಹೆಸರಿಗೆ ಗರಗಸದ ಕೊರಡು ಅಂಟಿಸಿದವನು ಬದುಕಿನಲ್ಲಿ ಒಂದು ಆಡನ್ನೂ ಸಾಕಿರಲಿಕ್ಕಿಲ್ಲ.

"ಹೋಟೆಲಿನ ಒಲಿಗೆ ಅಂತ ಇಟ್ಟೀನಿ," ಎಂದಿತು ಹಿಂದಿನಿಂದ ರಾಚಪ್ಪನ ದನಿ.

"ಯಾವಾಗ ಬಂತು?"

"ನೆನಪಿಲ್ಲ."

"ನನಗ ನೆನಪ ಐತಿ. ಮೂರು ವಾರದ ಹಿಂದ. ಐದನೇ ರಾಶಿ ಜೋಡಿ."

ರಾಚಪ್ಪ ಸುತ್ತ ನೋಡಿದ. ಹಮಾಲರು ದೂರವಿದ್ದರು. ತೆಂಗಿನಕಾಯಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ ದನಿ ಇಳಿಸಿದ.

"ನೋಡು ತಂಗಿ, ನೀ ನಮ್ಮವರ ಮಗಳು. ಐದು ರೂಪಾಯಿಗೆ ಒಣ ಕಟ್ಟಿಗಿ ಸಿಗತೈತಿ ಅಂತ ನಿನ್ನ ರಿಪೋರ್ಟಿನ್ಯಾಗ ಬಂದ್ರ ಬ್ಯಾಂಕಿನವರು ಹೂಂ ಅಂತಾರ. ಕಾರಖಾನಿ ನಿಲ್ಲತೈತಿ. ನಿನ್ನ ನೌಕರಿ ಪಕ್ಕಾ. ನನಗೂ ಕಟ್ಟಿಗಿ ಹಾಕೂ ಗುತ್ತಿಗಿ. ಹನ್ನೆರಡು ಅಂತ ಬರದ್ರ ಯಾರಿಗೇನ ಸುಖ?"

"ಐದಕ್ಕ ಎಷ್ಟ ದಿವಸ ಹಾಕ್ತೀರಿ? ಬಿರೋಬಾನ ಹನ್ನೊಂದೂ ಗಿಡ ಕೂಡಿದ್ರ ಭಟ್ಟಿಗೆ ಎರಡ ದಿನದ ಊಟ ಆಗಂಗಿಲ್ಲ. ಮೂರನೇ ದಿನ?"

"ಮೂರನೇ ದಿನದ್ದು ಮೂರನೇ ದಿನ ನೋಡಿದ್ರಾತು."

"ಅಲ್ಲಿತನಕಾ ಧರೆಪ್ಪ ಊರ ಹೊರಗ ಕುಂದರಬೇಕು."

ರಾಚಪ್ಪನ ಮುಖ ಬಿಗಿಯಿತು. "ಹಂಗ ನನ್ನ ಮುಖಾ ನೋಡಬ್ಯಾಡ. ದೇವರಾಣಿ, ಚೀಟಿ ನಾ ಬರದಿಲ್ಲ. ಎರಡೂ ಬಂಡಿ ಒಂದ ದಿನಾ ಬಂದ್ವು. ಚೀಟಿ ಕೊರಡಿನ ಬಂಡೀ ಮ್ಯಾಲ ಅಂಟಿಸಿಕೊಂಡೇ ಬಂತು. ಟೊಂಗಿ ಹಿಂದ ಮುಚ್ಚಿಡು ಅಂತ ಹೇಳಿ ಕಳಿಸಿದ್ರು, ಇಟ್ಟೆ."

"ಯಾರು ಹೇಳಿ ಕಳಿಸಿದ್ದು?"

ಅವನು ತೆಂಗಿನಕಾಯಿಯ ಜುಟ್ಟು ತಿರುವುತ್ತ ನಿಂತ.

ಕಳ್ಳನಿಗೆ ಒಂದು ಪಿಳ್ಳೆ ನೆವ ಎಂದುಕೊಂಡಳು ನೀಲಗಂಗಾ. ಹೆಚ್ಚು ಕೆದಕಲು ಹೊತ್ತೂ ಇರಲಿಲ್ಲ. "ಒಂದು ಬಂಡಿ, ಮೂರುಕಾಲಿನ ತಕ್ಕಡಿ, ಇಬ್ಬರು ಹಮಾಲರು ಕೊಡ್ರಿ. ಇಲ್ಲಾಂದ್ರ ಬನದ ಕೊರಡು ನಿಮ್ಮ ಅಂಗಳಕ್ಕ ಹ್ಯಾಂಗ ಬಂದ್ವು ಅಂತ ಫೌಜದಾರರ ಮುಂದ ಹೇಳೂದು ಬರತೈತಿ."

"ಒಯ್ಯಿ. ಆದ್ರ ಆ ಐದನೇ ರಾಶಿ ಮುಟ್ಟಬ್ಯಾಡ."

"ಅದು ನನಗ ಬೇಕಾಗೂ ಇಲ್ಲ," ಎಂದಳು.

ಹತ್ತರ ಎಸ್.ಟಿ. ಹಾರ್ನು ಹಾಕುತ್ತ ಹೋಯಿತು. ರಾಚಪ್ಪ ಅದನ್ನು ಹತ್ತಲಿಲ್ಲ. ಟೊಂಗೆ ಹೇರಿ ಮುಗಿಯುವಷ್ಟರಲ್ಲಿ ಹನ್ನೊಂದೂವರೆ; ಬಂಡಿಯ ಹಿಂದೆ ಸೈಕಲ್ಲು ತಳ್ಳಿಕೊಂಡು ತಾನೂ ಹೊರಟ.

ದಾರಿಯುದ್ದಕ್ಕೂ ಎತ್ತುಗಳು ಎಷ್ಟು ಹೆಜ್ಜೆ ಇಟ್ಟರೂ ಎದುರಿನ ಬೇವಿನ ಮರ ಎದುರಿಗೇ ಇತ್ತು. ನೀಲಗಂಗಾ ಇಳಿದು ನಡೆದಳು, ಮತ್ತೆ ಹತ್ತಿದಳು, ಮತ್ತೆ ಇಳಿದಳು. ಬದುವಿನ ಜಾಲಿಗಳನ್ನು ಅಭ್ಯಾಸಬಲದಿಂದ ಎಣಿಸಿ, ಎಣಿಕೆ ತಪ್ಪಿಸಿ, ಮೊದಲಿನಿಂದ ಎಣಿಸಿದಳು.

ಬನದ ಅಂಚಿಗೆ ಬಂಡಿ ನಿಂತಾಗ ಮೂರು ದಾಟಿತ್ತು. ಪಂಚರು ಕೂತಿದ್ದರು. ನಡುವೆ ಕಂಬಳಿ ಹಾಸಿ ತಾಟಿನಲ್ಲಿ ಭಂಡಾರ ಇಟ್ಟಿದ್ದರು. ಆ ಅರಿಶಿನದ ಪುಡಿಯನ್ನು ಎತ್ತಿ ಆಡಿದ ಮಾತಿಗೆ ತಿರುಗುಮಾತಿಲ್ಲ. ಧರೆಪ್ಪ ಒಂದು ಬದಿಗೆ ತಲೆಗೆ ಸುತ್ತಿದ್ದ ಪಟಗಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಪಕ್ಕದ ನೆಲ ಮೂರು ಮಾರು ಖಾಲಿ.

ತಕ್ಕಡಿ ಕಂಡದ್ದೇ ಪೂಜಾರಿ ಸಿದ್ರಾಮ ಎದ್ದು ನಿಂತ. ಹಣೆಯೆಲ್ಲ ಹಳದಿ, ಮೀಸೆಯೆಲ್ಲ ಬಿಳಿ.

"ತಂಗೀ, ದೇವರ ಕಟ್ಟಿಗಿ ತಕ್ಕಡಿಗೆ ಏರಸ್ತೀ ಏನು? ಬಿರೋಬಾನ್ನ ಕಿಲೋದ ಮ್ಯಾಲ ಮಾರಾಕ ಬಂದೀ?"

"ಇಲ್ಲ ಅಜ್ಜಾ. ದೇವರದು ನಾ ತಂದಿಲ್ಲ. ತಂದಿದ್ದು ಧರೆಪ್ಪಂದು."

ಸಿದ್ರಾಮ ಬಂಡಿಯ ಬಳಿ ಬಂದು ಒಂದು ಟೊಂಗೆ ಎಳೆದ. ತೊಗಟೆಯ ನಾಲಗೆಯನ್ನು ಉಗುರಿನಿಂದ ಮೀಟಿದ. ಟೊಂಗೆಯನ್ನು ಕೈಯಲ್ಲೇ ಹಿಡಿದುಕೊಂಡ.

"ಕುರಿಗಾರನ ಕೊಯ್ತ ಖರೆ," ಎಂದ ಪಂಚರಲ್ಲೊಬ್ಬ, ಚನ್ನವೀರಪ್ಪ. "ಆದ್ರ ಇವನ ಹೇಣ್ತಿ ನಿನ್ನೆ ಕೊಯ್ದು ತಂದಿದ್ರ? ಹೆಂಡತಿ ಆರಿಸಿ ತಂದ ಸಾಕ್ಷಿ ಗಂಡಗ ಯಾವಾಗಲೂ ಸವಿ."

ಸೋಮವ್ವನ ಬಾಯಿ ತೆರೆಯಿತು. ನೀಲಗಂಗಾ ಅವಳ ಕೈ ಒತ್ತಿದಳು.

"ಕಾಕಾ, ಕಂಬಳಿ ಉಣ್ಣಿ ಕತ್ತರಸೂ ಮುಂಚೆ ಕುರಿ ತೊಳೀತೀರಲ್ಲ. ಹಸಿ ಉಣ್ಣಿ ಹತ್ತು ಸೇರು ಇದ್ರ ಒಣಗಿದಮ್ಯಾಲ ಎಷ್ಟ ಉಳಿತೈತಿ?"

"ಆರು. ಭಾಳಾದ್ರ ಏಳು. ಹಸಿ ಉಣ್ಣಿ ಕೊಳ್ಳಾಂವ ಹುಚ್ಚ."

"ಕಟ್ಟಿಗೀನೂ ಹಂಗ. ಮೂರು ವಾರದ ಹಿಂದ ಚೀಟಿ ಮ್ಯಾಲ ಹತ್ತು ಕ್ವಿಂಟಲ್ ಹಸಿ ಅಂತ ಬರದಾರ. ನಾಲ್ಕು ಊರಿನ ಹಸಿ ಜಾಲಿ ನಾನು ಒಣಗಿಸಿ ನೋಡೀನಿ, ಹತ್ತು ಹೋಗಿ ಆರೂವರಿಗೆ ಬಂದು ನಿಂತೈತಿ. ಇದು ಆರೂವರಿ ಆಸುಪಾಸು ಬಂದ್ರ ಇದ ಧರೆಪ್ಪ ಮಾರಿದ ಕಟ್ಟಿಗಿ. ಎಂಟಾತು, ಒಂಬತ್ತಾತು ಅಂದ್ರ ನಿನ್ನೆ ಕೊಯ್ದದ್ದು. ನಾಲ್ಕಾತು ಅಂದ್ರ ಅದು ಇನ್ಯಾರದೋ. ತೂಗೂಕಿಂತ ಮೊದಲ ಹೇಳಾಕತ್ತೀನಿ, ಆಮ್ಯಾಲ ಮಾತು ಹೊಳ್ಳಸಂಗಿಲ್ಲ."

ಹೇಳಿದ ಮೇಲೆ ಅನುಮಾನ ಹತ್ತಿತು. ಸಣ್ಣ ಟೊಂಗೆ ದಪ್ಪ ಕಟ್ಟಿಗೆಗಿಂತ ಬೇಗ ಒಣಗುತ್ತದೆ. ರಾಚಪ್ಪ ನಾಲ್ಕು ಹೊರೆ ಹೋಟೆಲಿಗೆ ಮಾರಿಕೊಂಡಿದ್ದರೆ? ಪುಸ್ತಕದ ವಿದ್ಯೆಯನ್ನು ನಂಬಿ ಇನ್ನೊಬ್ಬರ ಮಗಳ ಮದುವೆಯನ್ನು ತಕ್ಕಡಿಗೆ ಹಾಕಿದೆನಲ್ಲ!

ಸಿದ್ರಾಮ ಪಂಚರತ್ತ ನೋಡಿ ತಲೆದೂಗಿದ. "ಬನದ ಹೊರಗ ತೂಗ್ರಿ."

ಒಂದು ಸಲಕ್ಕೆ ಐವತ್ತು ಕಿಲೋ. ಹಮಾಲರು ಹೇರಿ, ಇಳಿಸಿ, ಹೇರಿದರು. ನಾಲ್ಕು ಹೊರೆ, ಐದು, ಆರು. ಪಂಚರು ಕಂಬಳಿ ಬಿಟ್ಟು ಎದ್ದು ಬಂದು ಸುತ್ತ ನಿಂತರು. ಎಂಟು. ಬಂಡಿಯಲ್ಲಿ ಉಳಿದದ್ದು ಅವಳ ಕಣ್ಣಿಗೆ ತೀರ ಕಡಿಮೆ ಕಂಡಿತು. ಹತ್ತು. ಟೊಂಗೆಗಳು ಸೊಟ್ಟ, ಒಂದರೊಳಗೊಂದು ಸಿಕ್ಕಿ ಎಷ್ಟಿವೆಯೆಂದೇ ತಿಳಿಯದು. ಹನ್ನೊಂದು. ಹನ್ನೆರಡು.

ಹದಿಮೂರನೆಯ ಹೊರೆಗೆ ಬಂಡಿ ಬರಿದಾಯಿತು. ಐವತ್ತು ಕಿಲೋದ ಕಲ್ಲುಗಳು ನೆಲ ಬಿಡಲಿಲ್ಲ. ಹಮಾಲ ಹತ್ತು ಕಿಲೋದ ಕಲ್ಲು ತೆಗೆದು ನೋಡಿದ. ಹರಿವಾಣ ತೂಗಾಡಿ, ಮುಳ್ಳು ನಡುವಿಗೆ ಬಂದು ನಿಂತಿತು.

"ಆರು ಕ್ವಿಂಟಲ್ ನಲವತ್ತು," ಎಂದಳು ನೀಲಗಂಗಾ.

ಚನ್ನವೀರಪ್ಪ ಮುಳ್ಳಿನ ಹತ್ತಿರ ಮುಖ ಒಯ್ದು ನೋಡಿದ, ಓದು ಬಾರದಿದ್ದರೂ. "ಉಣ್ಣಿ ಲೆಕ್ಕಾನೇ ಆತಲ್ಲೋ ಮಾರಾಯಾ," ಎಂದು ಹಿಂದೆ ಸರಿದ.

ಸಿದ್ರಾಮ ಕೈಯಲ್ಲಿದ್ದ ಟೊಂಗೆಯನ್ನು ಕೊನೆಗೂ ಕೆಳಗಿಟ್ಟು, ಧರೆಪ್ಪನ ತೊಡೆಯ ಮೇಲಿನ ಪಟಗಾ ತೆಗೆದುಕೊಂಡು ತಾನೇ ಅವನ ತಲೆಗೆ ಸುತ್ತಿದ. ಸೋಮವ್ವ ಅಳಲಿಲ್ಲ. ಹೋಗಿ ಗಂಡನ ಪಕ್ಕದ ಖಾಲಿ ನೆಲದ ಮೇಲೆ ಕೂತಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತಿಬ್ಬರು ಬಂದು ಕೂತರು.

ಕೊಟ್ಟ ಮಾತು ನಡೆದಿತ್ತು.

"ಇನ್ನ ಭಂಡಾರ ಎತ್ತಪಾ," ಎಂದ ಸಿದ್ರಾಮ. "ನಿನ್ನ ಸಲುವಾಗಿ ಅಲ್ಲ. ದೇವರ ಗಿಡಾ ಒಯ್ದಾಂವ ಇನ್ನೂ ಹೊರಗ ಅದಾನ. ನಿನಗ ಗೊತ್ತಿದ್ದಷ್ಟು ಹೇಳು. ಹೆಬ್ಬಟ್ಟು ಎಲ್ಲಿ ಒತ್ತಿದಿ?"

ಧರೆಪ್ಪ ಎರಡು ಬೆರಳಲ್ಲಿ ಹಳದಿ ಎತ್ತಿ ಹಣೆಗೆ ಹಚ್ಚಿಕೊಂಡ.

"ಸೊಲ್ಲಾಪುರದಾಗ್ರಿ. ವಖಾರ್ಯಾಗ ಅಲ್ಲ. ಬಂಡಿ ಹೊರಗ ನಿಲ್ಲಿಸಿ ಒಳಗ ಕರದ್ರು, ರೊಕ್ಕಾ ಅಲ್ಲೇ ಕೊಟ್ರು. ಮ್ಯಾಲ್ಮಾಳಗಿ. ಗ್ವಾಡಿಗೆ ದೊಡ್ಡ ನಕಾಶಿ ಇತ್ತರಿ, ಊರೂರಿಗೂ ಕೆಂಪ ಟಾಚಣಿ ಚುಚ್ಚಿದ್ದು. ನಮ್ಮ ಬನದ ಮ್ಯಾಲೂ ಒಂದ ಚುಚ್ಚಿದ್ರು."

ಶಾಂತಲಿಂಗಪ್ಪ ಸಾವಕಾರರ ಕಚೇರಿಯ ಮೇಲ್ಮಾಳಿಗೆ ಅದು. ನೀಲಗಂಗಾ ಕೂರುವ ಕೋಣೆ. ಆ ನಕಾಶೆಗೆ ಮೂವತ್ತೊಂದು ಕೆಂಪು ಗುಂಡುಸೂಜಿ ಚುಚ್ಚಿದವಳು ಅವಳೇ. ಬನಕ್ಕೆ ಮಾತ್ರ ಅವಳು ಚುಚ್ಚಿರಲಿಲ್ಲ.

ತಿರುಗಿ ನೋಡಿದಳು. ಬೇವಿನ ನೆರಳಲ್ಲಿ ಸೈಕಲ್ಲು ಹಿಡಿದು ನಿಂತಿದ್ದ ರಾಚಪ್ಪ, ಈಗ ನಂಬತೀಯೋ ಇಲ್ಲವೋ ಎಂಬಂತೆ ಅವಳನ್ನೇ ನೋಡುತ್ತಿದ್ದ.

"ಒಂದ ಕಾಗದಕ್ಕ ಒತ್ತಿಸಿಕೊಂಡ್ರೇನು?" ಎಂದು ಧರೆಪ್ಪನನ್ನು ಕೇಳಿದಳು. ಯಾಕೆ ಕೇಳಿದೆನೆಂದು ಅವಳಿಗೂ ತಿಳಿಯಲಿಲ್ಲ.

"ಇಲ್ರಿ ಅಕ್ಕಾರ, ಮೂರಕ್ಕ. ಒಂದು ಈ ಚೀಟಿ. ಇನ್ನೆರಡು ದೊಡ್ಡ ಕಾಗದ, ಸರಕಾರದ ಶಿಕ್ಕಾ ಹೊಡದದ್ದು."

"ಅದರಾಗ ಏನ ಬರದಿತ್ತು?"

ಧರೆಪ್ಪ ಹಳದಿ ಹತ್ತಿದ ಹೆಬ್ಬೆರಳನ್ನು ಅವಳತ್ತ ಚಾಚಿ, ಮಗುವಿಗೆ ತಿಳಿಹೇಳುವವನಂತೆ ಮೆಲ್ಲಗೆ ಅಂದ:

"ಓದಾಕ ಬರ್ತಿದ್ರ ಒತ್ತತಿದ್ನೇನ್ರಿ? ಆದ್ರ ನನಗಿಂತ ಮೊದಲ ಆ ದೊಡ್ಡ ಕಾಗದದ ಮ್ಯಾಲ ಇನ್ನೊಂದ ಹೆಬ್ಬಟ್ಟು ಬಿದ್ದಿತ್ರಿ. ಮಸಿ ಇರಲಿಲ್ಲ ಅದಕ್ಕ. ಅರಿಶಿಣ ಇತ್ತು."

ಎಲ್ಲರ ಕಣ್ಣೂ ಒಟ್ಟಿಗೇ ದಿನವೂ ಭಂಡಾರ ಹಚ್ಚುವ ಪೂಜಾರಿ ಸಿದ್ರಾಮನ ಕೈಯ ಮೇಲೆ ಹೋಗಿ ನಿಂತವು.